ಮೊದಲು ಬೆಳೆಸು, ಆಮೇಲೆ ಕೆಣಕು

ಅಶ್ವಗಂಧದ ಬೇರನ್ನು ಫ್ಲಾಸ್ಕಿನಲ್ಲಿ ಬೆಳೆಸಿ, ಹಾರ್ಮೋನು ಕೊಟ್ಟು ಅದರ ಔಷಧಾಂಶ ಹೆಚ್ಚಿಸುವ ಕೆಲಸಕ್ಕೆ ಕೈಹಾಕಿದ್ದೀಯ ಎಂದು ತಿಳಿದು ಖುಷಿಯಾಯಿತು. ನಿನ್ನ ಗೈಡ್ ಹೇಳಬೇಕಾದ್ದನ್ನು ಹೇಳಿಯೇ ಹೇಳುತ್ತಾರೆ, ಅವರ ಮಾತಿಗೆ ಅಡ್ಡ ಬರುವುದು ನನ್ನ ಉದ್ದೇಶವಲ್ಲ. ಕಲ್ಚರ್ ರೂಮಿನ ಟ್ಯೂಬ್‌ಲೈಟಿನ ಕೆಳಗೇ ತಲೆ ಬೆಳ್ಳಗಾದವನು ಎಂಬ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ. ಹಿಡಿಸಿದ್ದನ್ನು ಇಟ್ಟುಕೋ, ಉಳಿದದ್ದನ್ನು ಬಿಡು.

ನಿನ್ನ ಸಿನಾಪ್ಸಿಸ್‌ನಲ್ಲಿ ‘ಸಸ್ಯ ಹಾರ್ಮೋನುಗಳ ಪರಿಣಾಮ’ ಎಂದು ಒಂದೇ ಉಸಿರಿನಲ್ಲಿ ಬರೆದುಬಿಟ್ಟಿದ್ದೀಯ. ಆಕ್ಸಿನ್, ಸೈಟೊಕೈನಿನ್, ಮೀಥೈಲ್ ಜಾಸ್ಮೊನೇಟ್, ಸ್ಯಾಲಿಸಿಲಿಕ್ ಆಮ್ಲ ಎಲ್ಲವೂ ಒಂದೇ ಪಟ್ಟಿಯಲ್ಲಿ, ಒಂದೇ ದಿನ ಫ್ಲಾಸ್ಕಿಗೆ ಬೀಳುವಂತೆ. ಅಲ್ಲೇ ತೊಡಕು. ಮೊದಲೆರಡು ಗಿಡಕ್ಕೆ ‘ಬೆಳೆ’ ಎನ್ನುವವು, ಯಾವ ಅಂಗವಾಗಿ ಬೆಳೆಯಬೇಕು ಎಂದೂ ತೀರ್ಮಾನಿಸುವವು. ಕೊನೆಯೆರಡು ‘ಶತ್ರು ಬಂದ, ಎಚ್ಚರ’ ಎನ್ನುವವು. ನಾವು ಔಷಧಾಂಶ ಎಂದು ಕರೆಯುವುದು ಬಹುಪಾಲು ಗಿಡದ ರಕ್ಷಣೆಯ ಸಾಮಾನು. ಹುಳು ಕಚ್ಚಿದಾಗ, ಬೂಷ್ಟು ಹತ್ತಿದಾಗ, ಗಾಯವಾದಾಗ ಗಿಡ ತನಗಾಗಿ ಅದನ್ನು ಮಾಡಿಕೊಳ್ಳುತ್ತದೆಯೇ ಹೊರತು ನಮ್ಮ ನಿದ್ದೆ, ನೋವುಗಳ ಚಿಂತೆಯಿಂದಲ್ಲ. ಬೆಳೆಯುವ ಹೊತ್ತಿನಲ್ಲಿ ಅದಕ್ಕೆ ರಕ್ಷಣೆಯ ಮೇಲೆ ಖರ್ಚು ಮಾಡಲು ಮನಸ್ಸಿಲ್ಲ, ರಕ್ಷಣೆಗೆ ಇಳಿದಾಗ ಬೆಳೆಯಲು ಮನಸ್ಸಿಲ್ಲ. ನಿನ್ನ ಪಿಎಚ್‌.ಡಿ. ಕೆಲಸವೆಲ್ಲ ಈ ಜಗ್ಗಾಟದ ನಡುವೆಯೇ ನಡೆಯಬೇಕು.

ಇದನ್ನು ಓದಿ ತಿಳಿಯುವುದಕ್ಕಿಂತ ಒಮ್ಮೆ ಹುಣಸೂರು, ಪಿರಿಯಾಪಟ್ಟಣದ ಕಡೆಯ ತಂಬಾಕಿನ ಹೊಲಕ್ಕೆ ಹೋಗಿ ಬಾ. ತಂಬಾಕು ಹೂವಿಗೆ ಬಂದಾಗ ಕುಡಿ ಮುರಿಯುವುದುಂಟು. ಎಲೆ ದಪ್ಪವಾಗಲಿ, ತೂಕ ಬರಲಿ ಎಂದು ಮುರಿಯುವುದು. ಜೊತೆಗೆ ಎಲೆಯಲ್ಲಿ ನಿಕೋಟಿನ್ನೂ ಏರುತ್ತದೆ. ಯಾಕೆ ಅಂದರೆ, ಆಕ್ಸಿನ್ ತಯಾರಾಗುವ ಮುಖ್ಯ ಜಾಗವೇ ಆ ಕುಡಿ. ಅದು ಹೋದ ಮೇಲೆ ಬೇರಿನ ಕಡೆ ಇಳಿಯುವ ಆಕ್ಸಿನ್ ಕಡಿಮೆಯಾಗುತ್ತದೆ, ಮುರಿದ ಗಾಯದ ಸುದ್ದಿ ಜಾಸ್ಮೊನೇಟ್ ಮೂಲಕ ಬೇರಿಗೆ ಮುಟ್ಟುತ್ತದೆ. ನಿಕೋಟಿನ್ ತಯಾರಾಗುವುದು ಎಲೆಯಲ್ಲಲ್ಲ, ಬೇರಿನಲ್ಲಿ. ಅಲ್ಲಿಂದ ರಸದ ಜೊತೆ ಮೇಲೇರಿ ಎಲೆಯಲ್ಲಿ ಸೇರಿಕೊಳ್ಳುತ್ತದೆ. ತಂಬಾಕಿನ ಕುಡಿಯನ್ನು ಟೊಮೆಟೊ ಬೇರಿಗೆ ಕಸಿ ಮಾಡಿದರೆ ಆ ಎಲೆಯಲ್ಲಿ ನಿಕೋಟಿನ್ ಇಲ್ಲವೆನ್ನುವಷ್ಟು ಕಡಿಮೆ. ಟೊಮೆಟೊ ಕುಡಿಯನ್ನು ತಂಬಾಕಿನ ಬೇರಿಗೆ ಕಟ್ಟಿದರೆ ಟೊಮೆಟೊ ಎಲೆಯಲ್ಲಿ ನಿಕೋಟಿನ್! 1940ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ. ಆಕ್ಸಿನ್ ಇಳಿಯಬೇಕು, ಜಾಸ್ಮೊನೇಟ್ ಏರಬೇಕು, ಸರಕು ತಯಾರಿಸುವ ಅಂಗ ಅಲ್ಲಿ ಇರಬೇಕು. ನಿನ್ನ ಫ್ಲಾಸ್ಕಿನ ಕಥೆಯೂ ಇಷ್ಟೇ.

ಅಂಗದ ಮಾತು ಬಂತಲ್ಲ, ಅದನ್ನೇ ಸ್ವಲ್ಪ ಬೆಳೆಸುತ್ತೇನೆ. ಅಶ್ವಗಂಧದ ಎಲೆಯಲ್ಲಿ ಹೇರಳವಾಗಿರುವುದು ವಿಥಾಫೆರಿನ್-ಎ, ಬೇರಿನಲ್ಲಿ ಮುಖ್ಯವಾದದ್ದು ವಿಥನೊಲೈಡ್-ಎ. ಹೆಸರು ಅಣ್ಣತಮ್ಮಂದಿರಂತೆ ಕೇಳಿಸಿದರೂ ಗುಣ ಬೇರೆ, ಮನೆ ಬೇರೆ. ನಿನಗೆ ಯಾವುದು ಬೇಕು ಎಂದು ಮೊದಲು ಗಟ್ಟಿ ಮಾಡಿಕೋ. ಹಾರ್ಮೋನಿನ ಆಯ್ಕೆ ಆಮೇಲಿನದು. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಕ್ಯಾಲಸ್ ಮೇಲೆ ತೋರಿಸಿಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತಿದೆ: ಆಕ್ಸಿನ್ ಮೇಲುಗೈಯಾದರೆ ಬೇರು, ಸೈಟೊಕೈನಿನ್ ಮೇಲುಗೈಯಾದರೆ ಚಿಗುರು, ಎರಡೂ ಸಮತೂಗಿದರೆ ರೂಪವಿಲ್ಲದ ಕ್ಯಾಲಸ್ ಮುದ್ದೆ. ವಿಥಾಫೆರಿನ್ ಬೇಕೆಂದರೆ ಬಿಎಪಿ ಎಂಬ ಸೈಟೊಕೈನಿನ್ ಕೊಟ್ಟು ಚಿಗುರು ಬೆಳೆಸು. ವಿಥನೊಲೈಡ್-ಎ ಬೇಕೆಂದರೆ ಐಬಿಎ ಎಂಬ ಆಕ್ಸಿನ್ ಕೊಟ್ಟು ಬೇರು ಬೆಳೆಸು. ಕ್ಯಾಲಸ್ ಬೆಳೆಸುವುದು ಸುಲಭ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ತಿಂಗಳಿಗೊಮ್ಮೆ ಕತ್ತರಿಸಿ ಹೊಸ ಮಾಧ್ಯಮಕ್ಕೆ ಹಾಕಿದರೆ ಆಯಿತು. ಆದರೆ ಅದು ಬಹಳ ಸಲ ಖಾಲಿ ಚೀಲ. ನಿತ್ಯಪುಷ್ಪದ ಕಥೆ ನೋಡು. ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಮದ್ದುಗಳ ಗಿಡ ಅದು. ಅದರ ಜೀವಕೋಶಗಳನ್ನು ದಶಕಗಟ್ಟಲೆ ಫ್ಲಾಸ್ಕಿನಲ್ಲಿ ತಿರುಗಿಸಿದ್ದಾರೆ. ಅಜ್ಮಲಿಸಿನ್ ಧಾರಾಳ ಬಂತು, ವಿನ್‌ಬ್ಲಾಸ್ಟಿನ್‌ಗೆ ಬೇಕಾದ ವಿಂಡೊಲಿನ್ ಮಾತ್ರ ಕೈಗೆ ಹತ್ತಲಿಲ್ಲ. ಅದರ ತಯಾರಿಯ ಬೇರೆ ಬೇರೆ ಹಂತಗಳು ಎಲೆಯ ಬೇರೆ ಬೇರೆ ಬಗೆಯ ಕೋಶಗಳಲ್ಲಿ ನಡೆಯುತ್ತವೆ. ಎಲ್ಲ ಕೋಶಗಳೂ ಒಂದೇ ಥರ ಇರುವ ಮುದ್ದೆಯಲ್ಲಿ ಆ ಕೈಬದಲಾವಣೆಗೆ ಜಾಗವೇ ಇಲ್ಲ. ಎಷ್ಟು ಹಾರ್ಮೋನು ಸುರಿದರೂ ಇಲ್ಲದ ಅಂಗ ಕೆಲಸ ಮಾಡುವುದಿಲ್ಲ.

ನಿನ್ನ ಕೆಲಸಕ್ಕೆ ಹತ್ತಿರದ ಉದಾಹರಣೆ ನಮ್ಮಲ್ಲೇ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎಚ್.ಎನ್. ಮೂರ್ತಿ ಮತ್ತು ಸಂಗಡಿಗರು ಅಶ್ವಗಂಧಕ್ಕೆ ಅಗ್ರೊಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಬ್ಯಾಕ್ಟೀರಿಯಾ ಹತ್ತಿಸಿ ಕೂದಲುಬೇರು ಎಬ್ಬಿಸಿದರು. ಅವು ಹೊರಗಿನ ಹಾರ್ಮೋನಿನ ಹಂಗಿಲ್ಲದೆ ಬೆಳೆಯುವ ಬೇರುಗಳು. ಸಾಮಾನ್ಯ ಬೇರಿನ ಕಲ್ಚರ್‌ಗಿಂತ ಅವುಗಳಲ್ಲಿ ವಿಥನೊಲೈಡ್-ಎ 2.7 ಪಟ್ಟು ಇತ್ತು ಎಂದು 2008ರಲ್ಲಿ ಪ್ರಕಟಿಸಿದರು. ಆ ಪ್ರಬಂಧವನ್ನು ಸಾರಾಂಶದ ಪುಟಕ್ಕೇ ನಿಲ್ಲಿಸದೆ ಪೂರ್ತಿ ಓದು. ಧಾರವಾಡ ದೂರವೇನಲ್ಲ, ಹೋಗಿ ಕಲ್ಚರ್‌ಗಳನ್ನೇ ನೋಡಿ ಬಂದರೆ ಇನ್ನೂ ಒಳ್ಳೆಯದು.

ಈಗ 2,4-ಡಿ ಎಂಬ ಆಕ್ಸಿನ್ ಬಗ್ಗೆ ಒಂದು ಎಚ್ಚರಿಕೆ. ರೈತರು ಗದ್ದೆಯ ಕಳೆಗೆ ಹೊಡೆಯುವ ಅದೇ ರಾಸಾಯನಿಕ, ಲೀಟರಿಗೆ ಒಂದೆರಡು ಮಿಲಿಗ್ರಾಂ ಪ್ರಮಾಣದಲ್ಲಿ, ನಮ್ಮ ಕ್ಯಾಲಸ್‌ಗೆ ಅಮೃತ. ಕೋಶಗಳು ಬಿಡುವಿಲ್ಲದೆ ಒಡೆದು ದ್ವಿಗುಣವಾಗುತ್ತಾ ಹೋಗುತ್ತವೆ. ಸರಕು ತಯಾರಿಕೆ ಮಾತ್ರ ಅನೇಕ ಗಿಡಗಳಲ್ಲಿ ಕುಸಿದುಬೀಳುತ್ತದೆ. ಜಪಾನಿನಲ್ಲಿ ಶಿಕೋನಿನ್ ಎಂಬ ನೇರಳೆ ಬಣ್ಣದ ಔಷಧವಸ್ತುವನ್ನು ಒಂದು ಗಿಡದ ಬೇರಿನಿಂದ ತೆಗೆಯುತ್ತಿದ್ದರು, ಬೇರು ಬಲಿಯಲು ವರ್ಷಗಳೇ ಬೇಕು. ಕ್ಯೋಟೊ ವಿಶ್ವವಿದ್ಯಾಲಯದ ಮಮೊರು ತಬಾತ ಮತ್ತು ಸಂಗಡಿಗರು 1970ರ ದಶಕದಲ್ಲಿ ಅದರ ಕ್ಯಾಲಸ್ ಬೆಳೆಸಿದಾಗ ಕಂಡದ್ದು ಇದು: 2,4-ಡಿ ಇದ್ದರೆ ಮುದ್ದೆ ಬಿಳಿಚಿಕೊಂಡೇ ಇರುತ್ತದೆ, ಐಎಎ ಎಂಬ ಇನ್ನೊಂದು ಆಕ್ಸಿನ್ ಕೊಟ್ಟು ಕತ್ತಲಲ್ಲಿಟ್ಟರೆ ಕೆಂಪು ನೇರಳೆ ಬಣ್ಣ ಏರುತ್ತದೆ. ಬೆಳಕು ಬಿದ್ದರೂ ಬಣ್ಣ ನಿಂತುಹೋಗುತ್ತದೆ, ಮಾಧ್ಯಮದಲ್ಲಿ ಅಮೋನಿಯಂ ಇದ್ದರೂ ನಿಂತುಹೋಗುತ್ತದೆ. ಬಣ್ಣವೇ ಔಷಧವಾದ್ದರಿಂದ ಅವರಿಗೆ ಕಣ್ಣಿಗೇ ಕಂಡಿತು. ನಿನ್ನ ವಿಥನೊಲೈಡ್‌ಗೆ ಬಣ್ಣವಿಲ್ಲ, ಆ ಅನುಕೂಲ ನಿನಗಿಲ್ಲ.

ಆ ಜಪಾನಿನವರು ಮುಂದೆ ಮಾಡಿದ್ದೇ ನಿನಗೆ ಪಾಠ. ಬೆಳವಣಿಗೆಗೆ ಒಂದು ಮಾಧ್ಯಮ, ಉತ್ಪಾದನೆಗೆ ಇನ್ನೊಂದು, ಹೀಗೆ ಕೆಲಸವನ್ನು ಎರಡು ತೊಟ್ಟಿಗೆ ಹಂಚಿದರು. ಮೊದಲನೆಯದರಲ್ಲಿ ಕೋಶ ಹೊಟ್ಟೆತುಂಬ ಉಂಡು ಬೆಳೆಯಲಿ, ಆಮೇಲೆ ಅವನ್ನು ಸೋಸಿ ಎರಡನೆಯದಕ್ಕೆ ಹಾಕಿದರೆ ಅಲ್ಲಿ ಬಣ್ಣ ಮಾಡಲಿ. 1983ರಲ್ಲಿ ಮಿತ್ಸುಯಿ ಪೆಟ್ರೊಕೆಮಿಕಲ್ ಕಂಪನಿ ಈ ದಾರಿಯಿಂದ ಶಿಕೋನಿನ್ ಮಾರಾಟಕ್ಕೆ ತಂದಿತು. ಸಸ್ಯಕೋಶದ ಕಲ್ಚರ್‌ನಿಂದ ವಾಣಿಜ್ಯ ಮಟ್ಟದಲ್ಲಿ ಬಂದ ಮೊದಲ ಸರಕು ಅದೇ. ಕನೆಬೊ ಕಂಪನಿ ಅದನ್ನು ಲಿಪ್‌ಸ್ಟಿಕ್ಕಿಗೂ ಹಾಕಿತು. ಔಷಧಕ್ಕೆಂದು ಹೊರಟಿದ್ದು ತುಟಿಗೆ ಬಂತು, ಇರಲಿ.

ಹಾಗಾಗಿ ನಿನ್ನ ಫ್ಲಾಸ್ಕಿಗೆ ಮೀಥೈಲ್ ಜಾಸ್ಮೊನೇಟ್ ಬೀಳಬೇಕಾದ್ದು ಕಲ್ಚರ್ ಶುರುಮಾಡಿದ ದಿನವಲ್ಲ. ಅವತ್ತೇ ಹಾಕುವುದೆಂದರೆ ಎಳೆಗರುವಿನ ಹೆಗಲಿಗೆ ನೊಗ ಕಟ್ಟಿದಂತೆ. ಮೊದಲು ಬರೀ ಬೆಳವಣಿಗೆಯ ಗೆರೆ ಬರೆದುಕೋ: ನಾಲ್ಕೈದು ದಿನಕ್ಕೊಮ್ಮೆ ಮೂರು ಫ್ಲಾಸ್ಕ್ ತೆಗೆದು, ಒಣಗಿಸಿ, ತೂಗು. ಗೆರೆ ಏರಿ ಏರಿ ಇನ್ನೇನು ಮಟ್ಟಸವಾಗಬೇಕು ಎನ್ನುವ ಜಾಗ ಎಲ್ಲಿದೆ ನೋಡು. ಸಾಮಾನ್ಯವಾಗಿ ಕೆಣಕಲು ಸರಿಯಾದ ಹೊತ್ತು ಅದು. ಎಷ್ಟು ಹೊತ್ತು ಕೆಣಕಬೇಕು ಎಂಬುದಕ್ಕೂ ಉತ್ತರ ಫ್ಲಾಸ್ಕಿನಿಂದಲೇ ಬರಬೇಕು. ಅಶ್ವಗಂಧದ ಕೂದಲುಬೇರಿನ ಮೇಲೆ 2013ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ 40 ದಿನ ಬೆಳೆದ ಬೇರಿಗೆ 150 ಮೈಕ್ರೊಮೋಲಾರ್ ಸ್ಯಾಲಿಸಿಲಿಕ್ ಆಮ್ಲ ತಾಗಿಸಿದ್ದು ಬರೀ 4 ಗಂಟೆ, ಅವರಿಗೆ ಅತಿ ಹೆಚ್ಚು ಫಲ ಸಿಕ್ಕಿದ್ದೂ ಅದರಲ್ಲೇ. ವಾರಗಟ್ಟಲೆ ನೆನೆಹಾಕುವುದೇ ಮೇಲು ಎಂದೇನಿಲ್ಲ. ಇನ್ನೊಂದು, ಜಾಸ್ಮೊನೇಟ್ ಮತ್ತು ಸ್ಯಾಲಿಸಿಲಿಕ್ ಎರಡನ್ನೂ ಸೇರಿಸಿ ಕೊಟ್ಟರೆ ಎರಡರಷ್ಟು ಫಲ ಎಂದುಕೊಳ್ಳಬೇಡ. ಗಿಡದೊಳಗೆ ಅವೆರಡು ಬಹಳ ಸಲ ಒಂದನ್ನೊಂದು ತಡೆಯುತ್ತವೆ.

ಜಾಸ್ಮೊನೇಟ್ ಒಳಗೆ ಏನು ಮಾಡುತ್ತದೆ ಎಂಬುದು 2007ರ ಹೊತ್ತಿಗೆ ಬಹುಮಟ್ಟಿಗೆ ಬಿಡಿಸಿಕೊಂಡಿತು. ರಕ್ಷಣೆಯ ಜೀನುಗಳನ್ನು ಜಾಝ್ ಎಂಬ ಪ್ರೋಟೀನುಗಳು ಅದುಮಿ ಹಿಡಿದಿರುತ್ತವೆ. ಜಾಸ್ಮೊನೇಟ್ ಬಂದಾಗ ಕೋಶ ಆ ಜಾಝ್ ಪ್ರೋಟೀನುಗಳನ್ನೇ ಒಡೆದುಹಾಕುತ್ತದೆ, ಜೀನುಗಳು ಕೆಲಸಕ್ಕೆ ಇಳಿಯುತ್ತವೆ. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ನೀನು ನೆನಪಿಡಬೇಕಾದ್ದು, ಹಾರ್ಮೋನು ಔಷಧದ ಕಚ್ಚಾ ಸಾಮಗ್ರಿಯಲ್ಲ, ಬರೀ ಸುದ್ದಿ. ಸುದ್ದಿ ತಲುಪಿದ ಮೇಲೆ ಸರಕು ಮಾಡಲು ಕೋಶದ ಬಳಿ ಸಕ್ಕರೆ, ಸಾರಜನಕ, ಉಸಿರಾಡಲು ಆಮ್ಲಜನಕ ಉಳಿದಿರಬೇಕು. ಮಾಧ್ಯಮದ ಸಕ್ಕರೆ ಪೂರ್ತಿ ತೀರಿದ ಮೇಲೆ ಸುದ್ದಿ ಕಳಿಸಿ ಪ್ರಯೋಜನವಿಲ್ಲ.

ಈ ಸುದ್ದಿಯ ಬಲ ಎಷ್ಟೆಂದು ತಿಳಿಯಲು ಟ್ಯಾಕ್ಸಾಲ್ ಸಾಕು. ಪೆಸಿಫಿಕ್ ಯೂ ಮರದ ತೊಗಟೆಯಿಂದ ಬಂದ ಕ್ಯಾನ್ಸರ್ ಮದ್ದು. ತೊಗಟೆ ಸುಲಿದರೆ ಮರ ಸಾಯುತ್ತದೆ, ಮರವೋ ಬಹಳ ನಿಧಾನ ಬೆಳೆಯುವಂಥದ್ದು. 1996ರಲ್ಲಿ ಜಪಾನಿನ ತಂಡವೊಂದು ಯೂ ಕೋಶಗಳಿಗೆ 100 ಮೈಕ್ರೊಮೋಲಾರ್ ಮೀಥೈಲ್ ಜಾಸ್ಮೊನೇಟ್ ಕೊಟ್ಟು ಎರಡು ವಾರದಲ್ಲಿ ಲೀಟರಿಗೆ ಸುಮಾರು 110 ಮಿಲಿಗ್ರಾಂ ಪ್ಯಾಕ್ಲಿಟ್ಯಾಕ್ಸೆಲ್, ಅಂದರೆ ಅದೇ ಟ್ಯಾಕ್ಸಾಲ್, ಪಡೆಯಿತು. ಇಂದು ಆ ಮದ್ದಿನ ಒಂದು ಪಾಲು ಸಾವಿರಾರು ಲೀಟರಿನ ತೊಟ್ಟಿಗಳಲ್ಲಿ ಬೆಳೆದ ಕೋಶಗಳಿಂದಲೇ ಬರುತ್ತಿದೆ. ಅವರು ಕೊಟ್ಟ ಅಂಕಿಯನ್ನು ಗಮನಿಸು: ಲೀಟರಿಗೆ ಎಷ್ಟು, ಎಷ್ಟು ದಿನದಲ್ಲಿ. ‘ಇಷ್ಟು ಪಟ್ಟು’ ಎಂಬುದಕ್ಕೇ ಅವರು ನಿಲ್ಲಲಿಲ್ಲ.

ಈ ‘ಪಟ್ಟು’ ಎಂಬ ಪದವೇ ನಮ್ಮ ಕ್ಷೇತ್ರದ ದೊಡ್ಡ ರೋಗ. ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡೋಣ, ಅಂಕಿಗಳು ಉದಾಹರಣೆಗಷ್ಟೆ. ಹಾರ್ಮೋನಿಲ್ಲದ ಫ್ಲಾಸ್ಕಿನಲ್ಲಿ ಲೀಟರಿಗೆ 10 ಗ್ರಾಂ ಒಣತೂಕದ ಬೇರು ಬಂತು, ಗ್ರಾಮಿಗೆ 1 ಮಿಲಿಗ್ರಾಂ ಸರಕು ಇದೆ. ಒಟ್ಟು 10 ಮಿಲಿಗ್ರಾಂ. ಮೊದಲ ದಿನವೇ ಜಾಸ್ಮೊನೇಟ್ ಕಂಡ ಫ್ಲಾಸ್ಕಿನಲ್ಲಿ ಗ್ರಾಮಿಗೆ 2.5 ಮಿಲಿಗ್ರಾಂ ಬಂತು, ಆದರೆ ಬೇರು ಕುಂಟಿ 3 ಗ್ರಾಂ ಮಾತ್ರ ಬೆಳೆಯಿತು. ಒಟ್ಟು ಏಳೂವರೆ. ಪ್ರಬಂಧದಲ್ಲಿ ‘ಎರಡೂವರೆ ಪಟ್ಟು ಹೆಚ್ಚಳ’ ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ, ಕೈಗೆ ಸಿಕ್ಕಿದ್ದು ಏನೂ ಕೊಡದ ಫ್ಲಾಸ್ಕಿಗಿಂತ ಕಡಿಮೆ! ಅದೇ ಜಾಸ್ಮೊನೇಟನ್ನು ಬೆಳವಣಿಗೆ ಮುಗಿಯುವ ಹೊತ್ತಿಗೆ ಕೊಟ್ಟು, ಬೇರು 9 ಗ್ರಾಂ ಇದ್ದು, ಗ್ರಾಮಿಗೆ ಅದೇ 2.5 ಬಂದರೆ ಇಪ್ಪತ್ತೆರಡೂವರೆ ಮಿಲಿಗ್ರಾಂ. ಗ್ರಾಮಿನ ಲೆಕ್ಕ ಬರೆದಲ್ಲೆಲ್ಲ ಪಕ್ಕದಲ್ಲೇ ಲೀಟರಿನ ಲೆಕ್ಕ ಬರಿ. ಹಸಿತೂಕದ ಮೇಲೆ ಲೆಕ್ಕ ಹಾಕುವವರನ್ನು ನಂಬಲೇಬೇಡ. ಫ್ಲಾಸ್ಕಿನ ಅಂಗಾಂಶದಲ್ಲಿ ಮುಕ್ಕಾಲುಮೂರುಪಾಲು ನೀರೇ ಇರುತ್ತದೆ, ಅದೂ ದಿನಕ್ಕೊಂದು ಥರ. ಮಾಧ್ಯಮಕ್ಕೆ ಸೋರಿಹೋದ ಸರಕನ್ನೂ ಅಳೆ, ಚೆಲ್ಲಬೇಡ.

ಕೈಕೆಲಸದ ವಿಷಯಕ್ಕೆ ಬರುತ್ತೇನೆ. ಮೀಥೈಲ್ ಜಾಸ್ಮೊನೇಟ್ ಪುಡಿಯಲ್ಲ, ದ್ರವ. ಜಾಜಿಮಲ್ಲಿಗೆಯ ಎಣ್ಣೆಯಲ್ಲಿ ಮೊದಲು ಸಿಕ್ಕಿದ್ದು, ಬಾಟಲಿಯ ಮುಚ್ಚಳ ತೆಗೆದರೆ ಆ ಜಾತಿಯ ಪರಿಮಳ. 224 ಮಿಲಿಗ್ರಾಂ ಅಳೆದು ಎಥನಾಲ್ ಸೇರಿಸಿ 10 ಮಿಲಿಲೀಟರ್ ಮಾಡಿಕೊಂಡರೆ 100 ಮಿಲಿಮೋಲಾರ್ ಸ್ಟಾಕ್ ಸಿದ್ಧ. ಅದರಲ್ಲಿ 50 ಮೈಕ್ರೊಲೀಟರ್ ತೆಗೆದು 50 ಮಿಲಿಲೀಟರಿನ ಫ್ಲಾಸ್ಕಿಗೆ ಬಿಟ್ಟರೆ 100 ಮೈಕ್ರೊಮೋಲಾರ್. ಆಟೊಕ್ಲೇವಿಗೆ ಹಾಕಬೇಡ, ಎಥನಾಲ್ ತಾಳುವ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಲ್ಯಾಮಿನಾರ್ ಫ್ಲೋ ಒಳಗೆ, ಮಾಧ್ಯಮ ತಣ್ಣಗಿರುವಾಗ ಸೇರಿಸು. ಜಾಸ್ಮೊನೇಟ್ ಕಾಣದ ಫ್ಲಾಸ್ಕುಗಳಿಗೂ ಅಷ್ಟೇ ಎಥನಾಲ್ ಹಾಕಬೇಕು. ಇಲ್ಲದಿದ್ದರೆ ನೀನು ಅಳೆದದ್ದು ಜಾಸ್ಮೊನೇಟಿನ ಪರಿಣಾಮವೋ ಎಥನಾಲಿನ ಪರಿಣಾಮವೋ ಹೇಳುವವರು ಯಾರು? ಬಿಎಪಿಯ ಸ್ಟಾಕ್ ಮಾಡುವಾಗ ಮೊದಲು ಒಂದೆರಡು ಹನಿ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ ಆಮೇಲೆ ನೀರು ಸೇರಿಸು. ಐಎಎ ಬೆಳಕಿಗೂ ಶಾಖಕ್ಕೂ ಕೆಡುವ ವಸ್ತು, ಕಂದು ಬಾಟಲಿಯಲ್ಲಿಟ್ಟು ಹೊಸದಾಗಿ ಮಾಡಿಕೊಳ್ಳುತ್ತಿರು.

ಬಹಳ ಜನ ಮರೆಯುವ ಸಂಗತಿ ಒಂದಿದೆ. ಮೀಥೈಲ್ ಜಾಸ್ಮೊನೇಟ್ ಗಾಳಿಗೆ ಏಳುತ್ತದೆ. 1990ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಫಾರ್ಮರ್ ಮತ್ತು ರಯಾನ್ ಮುಚ್ಚಿದ ಪೆಟ್ಟಿಗೆಯಲ್ಲಿ ಟೊಮೆಟೊ ಗಿಡದ ಜೊತೆ ಸೇಜ್‌ಬ್ರಶ್ ಎಂಬ ಪೊದೆಯ ರೆಂಬೆಗಳನ್ನು ಇಟ್ಟರು. ಒಂದಕ್ಕೊಂದು ತಾಗಿರಲಿಲ್ಲ. ಆ ರೆಂಬೆಗಳಿಂದ ಎದ್ದ ಮೀಥೈಲ್ ಜಾಸ್ಮೊನೇಟಿನ ಆವಿಯಷ್ಟಕ್ಕೇ ಟೊಮೆಟೊ ತನ್ನ ರಕ್ಷಣೆಯ ಪ್ರೋಟೀನು ತಯಾರಿಸತೊಡಗಿತು. ಈಗ ನಿನ್ನ ಶೇಕರನ್ನು ಕಣ್ಣಮುಂದೆ ತಂದುಕೋ. ಜಾಸ್ಮೊನೇಟ್ ಹಾಕಿದ ಫ್ಲಾಸ್ಕುಗಳು, ಅವಕ್ಕೆ ಹತ್ತಿಯ ಬಿರಡೆ, ಪಕ್ಕದ ಕ್ಲಿಪ್ಪಿನಲ್ಲೇ ಬರೀ ಎಥನಾಲ್ ಹಾಕಿದ ಫ್ಲಾಸ್ಕು. ಆ ಕಂಟ್ರೋಲ್ ಫ್ಲಾಸ್ಕ್ ಈಗ ಕಂಟ್ರೋಲ್ ಅಲ್ಲ. ಅದರ ಸರಕು ತಾನೂ ಏರುತ್ತದೆ, ನಿನ್ನ ಹೆಚ್ಚಳ ಸಣ್ಣದಾಗಿ ಕಾಣುತ್ತದೆ, ಹಾರ್ಮೋನು ಕೆಲಸ ಮಾಡಲಿಲ್ಲ ಎಂದು ನೀನು ಕೈಚೆಲ್ಲುತ್ತೀಯ. ಬೇರೆ ಶೇಕರ್ ಸಿಕ್ಕರೆ ಕಂಟ್ರೋಲನ್ನು ಬೇರೆ ಕೋಣೆಯಲ್ಲಿಡು. ಇಲ್ಲದಿದ್ದರೆ ಬೇರೆ ವಾರದಲ್ಲಿ ಮಾಡು. ಕರೆಂಟು ಹೋಗಿ ರಾತ್ರಿಯಿಡೀ ಶೇಕರ್ ನಿಂತಿದ್ದ ಫ್ಲಾಸ್ಕುಗಳ ಅಂಕಿಯನ್ನು ಗ್ರಾಫಿಗೆ ಸೇರಿಸಬೇಡ. ಉಸಿರುಗಟ್ಟುವುದೂ ಗಿಡಕ್ಕೆ ಒಂದು ಕೆಣಕೇ.

ಅಳತೆಯಲ್ಲಿ ಜಿಪುಣತನ ಬೇಡ. ಒಟ್ಟು ಫಿನಾಲಿಕ್, ಡಿಪಿಪಿಎಚ್ ಪರೀಕ್ಷೆ ಅಗ್ಗ, ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ, ಜಾಸ್ಮೊನೇಟ್ ಕೊಟ್ಟರೆ ಆ ಅಂಕಿಗಳೂ ಸಾಮಾನ್ಯವಾಗಿ ಏರುತ್ತವೆ. ಆದರೆ ಅಂಗಾಂಶ ಬರೀ ಕಂದಾದರೂ ಅವು ಏರುತ್ತವೆ. ಅದನ್ನು ‘ಔಷಧಾಂಶ ಹೆಚ್ಚಿತು’ ಎಂದು ಕರೆಯಬೇಡ. ನಿನ್ನ ವಸ್ತುವಿನ ಶುದ್ಧ ಸ್ಟ್ಯಾಂಡರ್ಡ್ ಕೊಂಡು ಎಚ್‌ಪಿಎಲ್‌ಸಿಯಲ್ಲಿ ಅಳೆ. ಸ್ಟ್ಯಾಂಡರ್ಡ್ ದುಬಾರಿ ಎಂದು ಗೊತ್ತು. ಪ್ರಾಜೆಕ್ಟಿನ ಬಜೆಟ್ ಬರೆಯುವಾಗ ಗಾಜಿನ ಸಾಮಾನಿಗೆ ಕತ್ತರಿ ಹಾಕು, ಇದಕ್ಕೆ ಬೇಡ.

ಇನ್ನು, ಹೇಳದೆ ಇರಲಾರದ ಮಾತು. ಅಶ್ವಗಂಧದ ಬೇರಿನ ಪುಡಿಗೆ ನಿನ್ನ ಫ್ಲಾಸ್ಕು ಎಂದಿಗೂ ಪೈಪೋಟಿಯಲ್ಲ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಮಳೆಯಾಶ್ರಯದ ಹೊಲದಲ್ಲಿ ಐದಾರು ತಿಂಗಳಿಗೆ ಬೇರು ಕಿತ್ತು ಮಂಡಿಗೆ ತರುತ್ತಾರೆ. ಸಕ್ಕರೆ, ಅಗರ್, ಕರೆಂಟು, ಏಸಿ ಸುರಿದು ಬೆಳೆಸಿದ ಬೇರು ಆ ಬೆಲೆಗೆ ಎಲ್ಲಿ ಬರಬೇಕು? ಅಶ್ವಗಂಧ ನಿನಗೆ ಕೆಲಸ ಕಲಿಯುವ ಗಿಡ. ಬೆಳೆಸಲು ಸುಲಭ, ರಸಾಯನ ಗೊತ್ತಿರುವಂಥದ್ದು, ಹೋಲಿಸಿ ನೋಡಲು ಸಾಹಿತ್ಯ ಬೇಕಾದಷ್ಟಿದೆ. ಈ ವಿದ್ಯೆಯ ನಿಜವಾದ ಅಗತ್ಯ ಇರುವುದು ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಂಥವಕ್ಕೆ. ಕ್ಯಾಂಪ್ಟೊಥೆಸಿನ್ ಇರುವ ಮರ ಅದು. ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಮದ್ದುಗಳಿಗೆ ಕ್ಯಾಂಪ್ಟೊಥೆಸಿನ್ನೇ ಮೂಲ. ಅದಕ್ಕಾಗಿ ಘಟ್ಟದಲ್ಲಿ ಮರ ಮರವನ್ನೇ ಕಡಿದು ಸಾಗಿಸಿದ್ದಾರೆ. ಅದರ ಕ್ಯಾಲಸ್‌ನಲ್ಲೂ ಕೋಶದ ಕಲ್ಚರ್‌ನಲ್ಲೂ ಸಿಗುವ ಕ್ಯಾಂಪ್ಟೊಥೆಸಿನ್ ಮರದಲ್ಲಿರುವುದಕ್ಕಿಂತ ಬಹಳ ಕಡಿಮೆ. ಅಲ್ಲಿ ಲೀಟರಿನ ಲೆಕ್ಕ ಮೇಲೆತ್ತುವವರು ಬೇಕಾಗಿದ್ದಾರೆ. ಅಶ್ವಗಂಧದಲ್ಲಿ ಕೈ ಪಳಗಿದ ಮೇಲೆ ನೀನು ಆ ಕಡೆ ತಿರುಗಿದರೆ ನನಗೆ ಸಮಾಧಾನ.

ಬೇರನ್ನು ಆಹಾರದ ಪೂರಕವಾಗಿ ಮಾರುವ ಯೋಚನೆ ನಿನ್ನ ಗೈಡ್‌ಗೆ ಇದ್ದರೆ 2,4-ಡಿ ಗೊಡವೆಗೆ ಹೋಗುವುದೇ ಬೇಡ. ಉಳಿಕೆಯ ಪ್ರಶ್ನೆ ಬಂದೇ ಬರುತ್ತದೆ. ದಕ್ಷಿಣ ಕೊರಿಯಾದವರು ಜಿನ್ಸೆಂಗ್ ಬೇರನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಮಾರುಕಟ್ಟೆಗೆ ತಂದದ್ದು ಐಬಿಎ ಬಲದಿಂದ ಬಂದ ಬೇರಿನ ಕಲ್ಚರ್‌ನಲ್ಲಿ. ಅವರ ಪ್ರಬಂಧಗಳನ್ನೂ ತೆಗೆದು ನೋಡು.

ಬೆಳವಣಿಗೆಯ ಗೆರೆ ಕೈಯಲ್ಲಿಲ್ಲದೆ ಜಾಸ್ಮೊನೇಟಿನ ಬಾಟಲಿ ತರಿಸಬೇಡ. ಫಲಿತಾಂಶ ತೋರಿಸಲು ಮನೆಗೆ ಬರುವಾಗ ಗ್ರಾಫಿನ ಮೂಲೆಯಲ್ಲಿ ಎರಡು ಅಂಕಿ ಬರೆದು ತಾ: ಲೀಟರಿಗೆ ಎಷ್ಟು ಮಿಲಿಗ್ರಾಂ, ಎಷ್ಟು ದಿನದಲ್ಲಿ. ಬರೀ ಎಥನಾಲ್ ಕಂಡ ಫ್ಲಾಸ್ಕಿನ ಲೆಕ್ಕವನ್ನೂ ಅದರ ಜೊತೆಗೇ ತಾ, ನಾನು ಮೊದಲು ಕೇಳುವುದು ಅದನ್ನೇ.